ಮೂರನೇ ದಿಂಬು

ಇವತ್ತು ಬೆಳಿಗ್ಗೆ ಅಮ್ಮ ಒಂದು ದಿಂಬನ್ನು ತಂದು ಅಂಗಳದ ಬಿಸಿಲಿಗೆ ಹಾಕಿದರು. "ಇನ್ನು ಇದು ಬೇಡ, ಎರಡೇ ಸಾಕಂತೆ" ಅಂದರು.
ನನಗೆ ಕಣ್ಣು ತುಂಬಿ ಬಂತು.

ತೋಟದಿಂದ ಮನೆಗೆ ಏರು ಹತ್ತುವಾಗ ಅಪ್ಪಯ್ಯ ಹಲಸಿನ ಮರದ ಹತ್ತಿರ ನಿಲ್ಲೋಕೆ ಶುರು ಮಾಡಿದ್ದರು. ವಯಸ್ಸಾಯ್ತಲ್ವಾ ಅಂದುಕೊಂಡೆವು. ಚಳಿಗೆ ದಮ್ಮು ಅಂದುಕೊಂಡೆವು. ರಾತ್ರಿ ಒಂದು ದಿಂಬು ಎರಡಾಯ್ತು, ಎರಡು ಮೂರಾಯ್ತು. ಯಾರೂ ಎಣಿಸಲಿಲ್ಲ.

ಶಿವಮೊಗ್ಗದಲ್ಲಿ ಡಾಕ್ಟರ್ ಮೊದಲು ಕೇಳಿದ್ದೇ ಅದನ್ನ. "ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ?"
ಆಮೇಲೆ ಪಾದದ ಗಂಟಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. ಬೆರಳು ತೆಗೆದರೂ ಗುಳಿ ಹಾಗೇ ಇತ್ತು, ಕಲಸಿಟ್ಟ ಹಿಟ್ಟಿನ ಮೇಲೆ ಒತ್ತಿದ ಹಾಗೆ. ಹಾರ್ಟ್ ಪಂಪ್ ಮಾಡೋದು ಕಡಿಮೆಯಾದರೆ ನೀರು ಕಾಲಲ್ಲೂ ಶ್ವಾಸಕೋಶದಲ್ಲೂ ನಿಲ್ಲುತ್ತದೆ. ಅಂಗಾತ ಮಲಗಿದರೆ ಉಸಿರು ಕಟ್ಟೋದು ಅದಕ್ಕೇ.

ದಯವಿಟ್ಟು ಮನೆಯ ಹಿರಿಯರನ್ನು ಸ್ವಲ್ಪ ಗಮನಿಸಿ. ಸುಲಭವಾಗಿ ಹತ್ತುತ್ತಿದ್ದ ಏರಿಗೆ ಈಗ ಏದುಸಿರು ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಒಂದು ಮಾತು ಮುಗಿಸೋಕೂ ಉಸಿರು ಸಾಲದಿದ್ದರೆ, ಎದೆ ನೋವಿದ್ದರೆ, ತುಟಿ ನೀಲಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ನಮ್ಮ ಕಡೆಯ ತಿರುವಿನ ರಸ್ತೆಗಳಲ್ಲಿ ಆಂಬುಲೆನ್ಸ್ ಬರೋಕೇ ಹೊತ್ತು ಹಿಡಿಯುತ್ತದೆ, ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ.

ಸಂಜೆ ಅಪ್ಪಯ್ಯ ತೋಟದಿಂದ ಬಂದರು. ಹಲಸಿನ ಮರ ದಾಟಿದರು. ನಿಂತಿದ್ದು ಮನೆ ಮೆಟ್ಟಿಲ ಹತ್ತಿರವೇ.