ಡಬಲ್ ಕಾಲಂನಲ್ಲಿ ಆರೋಪಿಯೇ ಕಾಣೆ

ಜಿಲ್ಲಾ ಆವೃತ್ತಿಯ ಮೂರನೇ ಪುಟ ಬಿಡುವ ಹೊತ್ತು. ಆಗ ತಾಲ್ಲೂಕು ವರದಿಗಾರರ ಕಾಪಿ ಬಂತು. ಹೆಡ್ಡಿಂಗೂ ಅವರದೇ: ‘9ನೇ ತರಗತಿ ಬಾಲಕಿ ಗರ್ಭಿಣಿ’. ಒಳಗೆ, ‘ಆರೋಪಿಯು ಬಾಲಕಿಯೊಂದಿಗೆ ಲೈಂಗಿಕ ಸಂಪರ್ಕ ಹೊಂದಿದ್ದ’.

ಹೆಡ್ಡಿಂಗ್‌ನಲ್ಲಿ ಮಾಡಿದವನೇ ಇಲ್ಲ. ಜ್ವರ ಬಂದ ಹಾಗೆ ಹುಡುಗಿ ತಾನಾಗಿಯೇ ಗರ್ಭಿಣಿ ಆಗಿಬಿಟ್ಟಿದ್ದಾಳೆ!

‘ಬಾಲಕಿ ಮೇಲೆ ಅತ್ಯಾಚಾರ’ ಎಂದು ತಿದ್ದಿದೆ. ಚೀಫ್ ಸಬ್ ಎಡಿಟರ್ ಒಪ್ಪಲಿಲ್ಲ.

‘ಇನ್ನೂ ಸಾಬೀತಾಗಿಲ್ಲ ಕಣ್ರೀ. ಪೊಲೀಸರ ಪ್ರೆಸ್ ನೋಟ್‌ನಲ್ಲೂ ಸಂಪರ್ಕ ಅಂತಲೇ ಇದೆ. ಸುಮ್ನೆ ರಿಸ್ಕ್ ಯಾಕೆ?’

‘ಸಂಪರ್ಕ ಅಂದರೂ ನಡೆದಿದೆ ಅಂತಲೇ ಆಯ್ತಲ್ವಾ ಸರ್? ಅದೂ ಸಾಬೀತಾಗಿಲ್ಲ. ಆರೋಪ ಅಂತ ಸೇರಿಸೋಣ.’

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಬಂದಿದ್ದು 2012ರಲ್ಲಿ. 18 ತುಂಬದವರ ಒಪ್ಪಿಗೆಗೆ ಅದರಲ್ಲಿ ಬೆಲೆಯಿಲ್ಲ. ಆದರೂ ‘ಸಂಪರ್ಕ’ ಅಂದ ಕೂಡಲೇ ಇಬ್ಬರೂ ಸೇರಿ ಮಾಡಿದ ಹಾಗೆ ಕೇಳಿಸುತ್ತದೆ. ಬೆಳಿಗ್ಗೆ ಟೀ ಅಂಗಡಿಯಲ್ಲಿ ‘ಅವಳಿಗಾದರೂ ಬುದ್ಧಿ ಬೇಡ್ವಾ’ ಅನ್ನುವವರಿಗೆ ದಾರಿ ಮಾಡಿಕೊಡುವವರು ನಾವೇ. ನಮ್ಮಲ್ಲಿ ಇನ್ನೊಂದು ಚಟವೂ ಇದೆ, ‘ಕಾಮುಕ ಶಿಕ್ಷಕನ ಲೀಲೆ’. ಲೀಲೆ ಕೃಷ್ಣನಿಗೇ ಇರಲಿ.

ಕೊನೆಗೆ ‘ಬಾಲಕಿ ಮೇಲೆ ಅತ್ಯಾಚಾರ ಆರೋಪ: ವ್ಯಕ್ತಿ ಬಂಧನ’ ಎಂದಾಯಿತು. ಗೆದ್ದೆ ಅಂದುಕೊಂಡು ನೀರು ಕುಡಿಯಲು ಎದ್ದೆ.

‘ಮೇಡಂ, ಹುಡುಗಿ ಅಪ್ಪನ ಅಂಗಡಿ ಹೆಸರು ಇರ್ಲಾ?’ ಪುಟ ಕಟ್ಟುವ ಹುಡುಗ ಕೇಳಿದ.

ಕೊನೆಯ ಪ್ಯಾರಾ ನಾನು ಓದಿಯೇ ಇರಲಿಲ್ಲ. ಊರು, ಶಾಲೆ, ಬಸ್ ನಿಲ್ದಾಣದ ಎದುರಿನ ಕಿರಾಣಿ ಅಂಗಡಿ, ಎಲ್ಲವೂ ಇತ್ತು. ಮೇಲೆ ‘ಹೆಸರು ಬದಲಿಸಲಾಗಿದೆ’ ಎಂಬ ಟಿಪ್ಪಣಿ ಬೇರೆ! ಪೋಕ್ಸೊ 23ನೇ ಸೆಕ್ಷನ್ ಪ್ರಕಾರ ಮಗುವಿನ ಗುರುತು ಹತ್ತುವ ಇಂಥದ್ದು ಯಾವುದನ್ನೂ ಹಾಕುವಂತಿಲ್ಲ. ಹಾಕಿದರೆ ಒಂದು ವರ್ಷದವರೆಗೂ ಜೈಲಾಗಬಹುದು, ಮಾಲೀಕರೂ ಹೊಣೆ. ಮಾಡಿದವನನ್ನು ಹೆಡ್ಡಿಂಗ್‌ಗೆ ತರುವ ಜಗಳದಲ್ಲಿ ಹುಡುಗಿಯನ್ನು ಊರಿಗೆಲ್ಲ ತೋರಿಸುವುದರಲ್ಲಿದ್ದೆ. ಕೈ ನಡುಗುತ್ತಲೇ ಪ್ಯಾರಾ ಕಿತ್ತೆ. ‘9ನೇ ತರಗತಿ’ಯೂ ಹೋಯಿತು. ಖಾಲಿಯಾದ ಜಾಗಕ್ಕೆ 1098 ಮಕ್ಕಳ ಸಹಾಯವಾಣಿ ಹಾಕಿ ಪುಟ ಬಿಟ್ಟೆವು, ತಡವಾಗಿ. ತಡವಾದದ್ದಕ್ಕೆ ಮರುದಿನ ವಿವರಣೆ ಕೇಳಿದರು. ಯಾಕೆ ಅಂತ ಮಾತ್ರ ಯಾರೂ ಓದಲಿಲ್ಲ.

ಯಾವ ಪದ ಹೇಗೆ ಬಳಸಬೇಕು ಎಂದು ಹೇಳುವ ನಮ್ಮ ಸ್ಟೈಲ್ ಶೀಟ್‌ನಲ್ಲಿ ಪಂಚಾಯಿತಿಯೋ ಪಂಚಾಯತಿಯೋ ಎಂಬುದಕ್ಕೆ ಅರ್ಧ ಪುಟ ಇದೆ. ಇದಕ್ಕೆ ಒಂದು ಸಾಲೂ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ‘ಚೈಲ್ಡ್ ಪೋರ್ನೋಗ್ರಫಿ’ ಅನ್ನಬೇಡಿ, ಅದು ಮಕ್ಕಳ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿ ಎಂದು ಕೋರ್ಟ್‌ಗಳಿಗೇ ಹೇಳಿತು. ನಮ್ಮಲ್ಲಿ ಇನ್ನೂ ‘ಮಕ್ಕಳ ಅಶ್ಲೀಲ ವಿಡಿಯೊ’ ಅಂತಲೇ ಹೋಗುತ್ತಿದೆ. ಕೇಳಿದರೆ, ಮುಂದಿನ ಮೀಟಿಂಗ್‌ನಲ್ಲಿ ನೋಡೋಣ ಅಂತಾರೆ. ಆ ಮೀಟಿಂಗ್‌ನಲ್ಲಿ ಪ್ರಸಾರ ಸಂಖ್ಯೆ ಬಿಟ್ಟು ಬೇರೆ ಮಾತು ನಾನಂತೂ ಕೇಳಿಲ್ಲ.