ಶಿಲುಬೆ ಅಂದುಕೊಂಡಿದ್ದು

ಚಿತ್ರದುರ್ಗದಲ್ಲಿ ಒಂದು ಹಳೇ ಚರ್ಚ್ ಹಾಲ್‌ನ ರಿಪೇರಿ ಕೆಲಸ ನಮಗೆ ಬಂದಿತ್ತು. ಎರಡಡಿ ದಪ್ಪದ ಕಲ್ಲಿನ ಗೋಡೆ, ಸುಣ್ಣದ ಗಾರೆ, ಮೇಲೆ ಮಂಗಳೂರು ಹೆಂಚು. ಎದುರುಬದುರು ಗೋಡೆಗಳ ಮೇಲ್ತುದಿಯ ಮಟ್ಟದಲ್ಲಿ ಅಡ್ಡಡ್ಡ ಐದು ಕಬ್ಬಿಣದ ಸರಳು. ಪ್ರೊಜೆಕ್ಟರ್ ಸ್ಕ್ರೀನ್‌ಗೆ ಒಂದು ಅಡ್ಡ ಬರ್ತದೆ, ತೆಗೆಸಿ ಅಂತ ಕಮಿಟಿಯವರು ಹೇಳಿದರು.

ಸರಳಿಗೆ ಹಳೇ ದೀಪದ ಕೊಕ್ಕೆಗಳಿದ್ದವು. ಹೊರಗಡೆ, ಸರಳು ಗೋಡೆ ದಾಟಿ ಬರೋ ಜಾಗದಲ್ಲಿ ಮೊಳದುದ್ದದ ಕಬ್ಬಿಣದ ಶಿಲುಬೆಗಳು. ಚರ್ಚ್ ಗೋಡೆ ಮೇಲೆ ಶಿಲುಬೆ ಇದ್ದರೆ ಯಾರು ತಲೆ ಕೆಡಿಸಿಕೊಳ್ತಾರೆ? 'ಅಲಂಕಾರ, ದೀಪದ ಸರಳು' ಅಂತ ಬರೆದು ಫೋಟೊ ವಾಟ್ಸಾಪ್ ಮಾಡಿದೆ. ನಡೆಯೋ ಕೆಲಸದ ಕಂತಿನ ಬಿಲ್ಲಿಗೆ (ಆರ್.ಎ. ಬಿಲ್) ತಿಂಗಳುಗಟ್ಟಲೆ ಸತಾಯಿಸೋ ನಮ್ಮ ಆಫೀಸು ಇದಕ್ಕೆ ಎರಡೇ ತಾಸಿನಲ್ಲಿ ಓಕೆ ಅಂತು.

ಮೇಸ್ತ್ರಿ ಸುತ್ತಿಗೆಯಲ್ಲಿ ಸರಳನ್ನ ಒಂದು ಸಲ ತಟ್ಟಿದರು. ಟಣ್ ಅಂತ ಶುರುವಾದ ದನಿ ಬಾಳ ಹೊತ್ತು ನಿಲ್ಲಲೇ ಇಲ್ಲ. "ಸಾ, ಇದು ಬಿಗಿ ಐತೆ. ಸುಮ್ನೆ ನೇತಾಕಿರೋ ಕಬ್ಣ ಹಿಂಗ್ ಕೂಗಲ್ಲ."

"ಕತ್ತರಿಸಿ ಮೇಸ್ತ್ರಿ, ಮಧ್ಯಾಹ್ನ ಎಂ.ಬಿ. ಬರೀಬೇಕು" ಅಂದೆ. ಎಂ.ಬಿ. ಅಂದರೆ ಮಾಡಿದ ಕೆಲಸದ ಅಳತೆ ಬರೆಯೋ ಪುಸ್ತಕ.

ಹುಡುಗ ಏಣಿ ಹತ್ತಿ ಗ್ರೈಂಡರ್ ಹಿಡಿದ. ಮುಕ್ಕಾಲು ಭಾಗ ಕೊಯ್ದಿರಬೇಕು, ಗುಂಡು ಹಾರಿದ ಹಾಗೆ ಸದ್ದಾಯ್ತು. ಸರಳು ತಾನೇ ಹರಿದು ಎರಡು ತುದಿ ದೂರ ಸರಿದವು. ಮೇಲಿಂದ ಬುರುಬುರು ಧೂಳು, ಹಿಂದೆಯೇ ಒಂದು ಹೆಂಚು. ಹುಡುಗನ ಪಕ್ಕದಲ್ಲೇ ಬಿತ್ತು. ಏಣಿ ಹತ್ತಿ ಟೇಪ್ ಹಿಡಿದರೆ ಸಂದು 18 ಮಿ.ಮೀ. ಸ್ವಲ್ಪ ಹೊತ್ತು ಬಿಟ್ಟು ನೋಡಿದೆ, 21. ಗೋಡೆ ಇನ್ನೂ ಹೊರಕ್ಕೆ ಹೋಗ್ತಾ ಇತ್ತು. ಗಾರೆಯಲ್ಲಿ ಕೂದಲೆಳೆಯಂಥ ಬಿರುಕು ನನ್ನ ಕಣ್ಣೆದುರೇ ಕಿಟಕಿ ಕಡೆಗೆ ಇಳೀತಿತ್ತು. ಬಾಯಿ ಒಣಗಿ ಮಾತು ಹೊರಡಲಿಲ್ಲ. ಜಾಕಿ ತರಿಸಿದ್ದು, ಆಸರೆಗೆ ಪ್ರಾಪ್ ಕೊಡಿಸಿದ್ದು, ತುದಿಗಳಿಗೆ ಕ್ಲಾಂಪ್ ಬಿಗಿದು ಚೈನ್ ಪುಲ್ಲಿಯಲ್ಲಿ ಎಳೆಸಿದ್ದು ಎಲ್ಲಾ ಮೇಸ್ತ್ರಿಯೇ. ಉಳಿದ ನಾಲ್ಕು ಸರಳು ತಡೆದುಕೊಂಡವು, ಅಷ್ಟೇ.

ಒಂದು ಮಂಗಳೂರು ಹೆಂಚು ಎರಡೂವರೆ ಕೆ.ಜಿ. ಹತ್ತಿರ. ಚದರ ಮೀಟರಿಗೆ 15 ಹೆಂಚು ಹಿಡಿದರೂ ಲೆಕ್ಕ ಹಾಕಿ. ಆ ಭಾರಕ್ಕೆ ಇಳಿಜಾರು ಚಾವಣಿ ಕಾಲು ಚಾಚಿ ಗೋಡೆಗಳನ್ನ ಹೊರಗೆ ನೂಕುತ್ತೆ. ಪಕ್ಕದ ಚರ್ಚಿಗೆ ಅದನ್ನ ತಡೆಯೋಕೆ ಹೊರಗಡೆ ಬಟ್ರೆಸ್, ಅಂದರೆ ಗೋಡೆಗೆ ಒರಗಿಸಿದ ಆಸರೆ ಕಂಬ, ಕಟ್ಟಿದ್ದರು, ಹಾಲ್‌ಗೆ ಒಂದೂ ಇರಲಿಲ್ಲ. ದಿನಾ ಎರಡರ ನಡುವೆ ಟೀ ಕುಡಿತಾ ಓಡಾಡಿದವನಿಗೆ ಅಷ್ಟು ಹೊಳೀಲಿಲ್ಲ. ಸರಳು ಗೋಡೆಗಳನ್ನ ಒಳಗೆ ಹಿಡಿದಿತ್ತು, ಶಿಲುಬೆ ಅನ್ನೋದು ಅದರ ವಾಷರ್ರು. ಕಲ್ಲಿನ ಮೇಲೆ ಒತ್ತಡ ಹರಡಲಿ ಅಂತ ಅಷ್ಟು ದೊಡ್ಡದು ಮಾಡಿದ್ದರು.

ಮೇಸ್ತ್ರಿ ಇದಕ್ಕೆ ಚಿತ್ರ ಬರೀಲಿಲ್ಲ. ಹುಡುಗ ಹತ್ತಿದ್ದ ಪೇಂಟರ್ ಏಣಿಯ ಎರಡು ಕಾಲಿನ ನಡುವೆ ಕಟ್ಟಿದ್ದ ಹಗ್ಗ ತೋರಿಸಿ, "ಇದನ್ನ ಕೊಯ್ಯಾಕೂ ಹೇಳ್ತಿದ್ರಾ ಸಾ?" ಅಂದರು.

ಆಫೀಸಿನಿಂದ ನನ್ನ ಹೆಸರಿಗೆ ಮೆಮೊ ಬಂತು, ಓಕೆ ಅಂದವರ ಹೆಸರು ಅದರಲ್ಲಿಲ್ಲ. ಟರ್ನ್‌ಬಕಲ್ (ಎರಡು ತುದಿ ಸೇರಿಸಿ ತಿರುಗಿಸಿ ಬಿಗಿಯೋ ಜೋಡಣೆ) ಹಾಕಿ ಸರಳು ಬಿಗಿದ ಖರ್ಚು ಬಿಲ್ಲಿನ ಎಕ್ಸ್‌ಟ್ರಾ ಐಟಮ್ಮಿಗೂ ಸೇರಲಿಲ್ಲ. ಹಾಲ್‌ನಲ್ಲಿ ಈಗಲೂ ಪ್ರೊಜೆಕ್ಟರ್ ಹಾಕಿದರೆ ಪರದೆಯ ಮೇಲುಭಾಗದಲ್ಲಿ ಆ ಸರಳಿನ ನೆರಳು ಅಡ್ಡ ಬೀಳುತ್ತೆ. ಪಾಸ್ಟರ್ ಒಂದು ದಿನವೂ ಅದರ ಬಗ್ಗೆ ತಕರಾರು ಎತ್ತಿಲ್ಲ.