ಹಳಿಯ ಮೇಲೆ ಬಂದ ಚರ್ಚು

ರೈಲಿನ ಚರಿತ್ರೆ ಓದುವ ನನ್ನ ಹಳೆಯ ಚಟ ಈಚೆಗೆ ನನ್ನನ್ನು ಒಂದು ವಿಚಿತ್ರ ಬೋಗಿಯ ಬಳಿ ತಂದು ನಿಲ್ಲಿಸಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಪಶ್ಚಿಮ ಪ್ರಾಂತಗಳಲ್ಲಿ ರೈಲುಹಳಿ ಹೋದಲ್ಲೆಲ್ಲ ಊರುಗಳು ಏಳುತ್ತಿದ್ದವು. ಹೆಂಡದಂಗಡಿ ಬೇಗನೆ ಬರುತ್ತಿತ್ತು, ಚರ್ಚು ಕಟ್ಟುವಷ್ಟು ಜನವಾಗಲಿ ಹಣವಾಗಲಿ ಕೂಡುತ್ತಿರಲಿಲ್ಲ. ಉತ್ತರ ಡಕೋಟಾದ ಬಿಷಪ್ ವಿಲಿಯಂ ವಾಕರ್ ಅವರು 1890ರಲ್ಲಿ ಪುಲ್ಮನ್ ಕಂಪನಿಯಿಂದ ಒಂದು ಬೋಗಿಯನ್ನೇ ಚರ್ಚಾಗಿ ಮಾಡಿಸಿಕೊಂಡು ಊರೂರಿಗೆ ಹೊರಟರು. ಮರುವರ್ಷವೇ ಬ್ಯಾಪ್ಟಿಸ್ಟರ (ಪ್ರಾಟೆಸ್ಟಂಟ್ ಕ್ರೈಸ್ತರ ಒಂದು ಪಂಗಡ) ‘ಇವ್ಯಾಂಜೆಲ್’ ಎಂಬ ಚರ್ಚು-ಬೋಗಿ ಹಳಿಗಿಳಿಯಿತು. 1915ರ ಹೊತ್ತಿಗೆ ಅವರ ಬೋಗಿಗಳು ಏಳಾಗಿದ್ದವು. 1907ರಲ್ಲಿ ‘ಸೇಂಟ್ ಆಂಟನಿ’ಯೊಂದಿಗೆ ಕ್ಯಾಥೊಲಿಕರೂ ಇದೇ ದಾರಿ ಹಿಡಿದಿದ್ದರು.

ನನಗೆ ಇಷ್ಟವಾದದ್ದು ಬೋಗಿಯ ಒಳಗಿನ ಅಚ್ಚುಕಟ್ಟು. ನಡುವಿನ ಓಣಿಯ ಒಂದು ಬದಿಗೆ ಮೂವರು, ಇನ್ನೊಂದು ಬದಿಗೆ ಇಬ್ಬರು ಕೂರುವ ಬೆಂಚುಗಳು, ಮುಂದೆ ಉಪದೇಶಪೀಠ, ಪಕ್ಕದಲ್ಲಿ ಕಾಲಿನಿಂದ ತಿದಿಯೊತ್ತಿ ನುಡಿಸುವ ಆರ್ಗನ್. ಅದರ ಹಿಂದಿನ ಬಾಗಿಲು ತೆರೆದರೆ ಬೋಧಕ ದಂಪತಿಗಳ ಮನೆ, ಎಂದರೆ ಮಡಚುವ ಮಂಚ, ಪುಟ್ಟ ಅಡುಗೆಮನೆ ಮತ್ತು ಬರೆಯುವ ಮೇಜು. ಹಾಡಿನ ಹೊತ್ತಿಗೆ ಆರ್ಗನ್ ನುಡಿಸುವುದು ಬಹಳ ಸಲ ಬೋಧಕನ ಹೆಂಡತಿಯ ಪಾಲಿಗೇ ಬರುತ್ತಿತ್ತು, ಆದರೂ ಚರಿತ್ರೆಯಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಗಂಡಂದಿರ ಹೆಸರೇ.

ಈ ಬೋಗಿಗಳನ್ನು ರೈಲ್ವೆ ಕಂಪನಿಗಳು ಆರಂಭದ ವರ್ಷಗಳಲ್ಲಿ ಬಹುಪಾಲು ಪುಕ್ಕಟೆಯಾಗಿ ಎಳೆದು, ಸೈಡಿಂಗ್‌ನಲ್ಲಿ, ಎಂದರೆ ಮುಖ್ಯ ಹಳಿಯ ಪಕ್ಕದ ಹಳಿಯಲ್ಲಿ, ನಿಲ್ಲಲು ಜಾಗ ಕೊಟ್ಟವು. ಅದು ಬರೀ ಭಕ್ತಿಯೆಂದು ನನಗನ್ನಿಸುವುದಿಲ್ಲ: ಕುಡಿಯದ ಕೆಲಸಗಾರನಿಂದ ಕಂಪನಿಗೂ ಲಾಭವಿತ್ತು. ಬೋಗಿಯ ಉದ್ದೇಶ ಅಲ್ಲೇ ನೆಲೆಯೂರುವುದಲ್ಲ, ಕೆಲವು ವಾರಗಳಲ್ಲಿ ಸಭೆಯೊಂದನ್ನು ಕೂಡಿಸಿ, ಕಟ್ಟಡಕ್ಕೆ ನಾಂದಿ ಹಾಕಿ, ಮುಂದಿನ ಊರಿಗೆ ಸಾಗುವುದಾಗಿತ್ತು. ಮೊದಲ ಮಹಾಯುದ್ಧ ಬಂದು ರೈಲುಗಳು ಸರ್ಕಾರದ ಹಿಡಿತಕ್ಕೆ ಹೋದಾಗ ಆ ಓಡಾಟ ಕುಂಠಿತವಾಯಿತು. ಆಮೇಲೆ ಮೋಟಾರು ಗಾಡಿಗಳು ಬಂದವು.

1898ರಲ್ಲಿ ಹೊರಟ ಬ್ಯಾಪ್ಟಿಸ್ಟರ ಬೋಗಿ ‘ಮೆಸೆಂಜರ್ ಆಫ್ ಪೀಸ್’ ಸೇವೆ ಮುಗಿಸಿದ ಮೇಲೆ ರಸ್ತೆಬದಿಯ ಹೋಟೆಲಾಗಿತ್ತು. ಈಗ ಅದು ವಾಷಿಂಗ್ಟನ್ ರಾಜ್ಯದ ಸ್ನೋಕ್ವಾಲ್ಮಿಯ ರೈಲು ವಸ್ತುಸಂಗ್ರಹಾಲಯದಲ್ಲಿದೆ.